ಗೆದ್ದ ತಂಡಕ್ಕೆ ಬಂದ ಹೊಸ ಮ್ಯಾನೇಜರ್: 44 ದಿನಗಳ ಒಂದು ಪ್ರಕರಣ

ಇಂಗ್ಲೆಂಡ್ ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಕೆಲಸ ಕಳೆದುಕೊಳ್ಳುವುದು ಮಾಮೂಲಿ ಸುದ್ದಿ. ತಂಡ ಸೋಲುತ್ತದೆ, ಮ್ಯಾನೇಜರ್ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಆದರೆ ಈ ಪ್ರಕರಣ ಆ ಸಾಲಿಗೆ ಸೇರುವುದಿಲ್ಲ. ತಂಡ ಆಗಷ್ಟೇ ಲೀಗ್ ಗೆದ್ದಿತ್ತು. ಬಂದ ಮ್ಯಾನೇಜರ್ ಕೂಡ ಎರಡು ವರ್ಷ ಹಿಂದೆ ಬೇರೆ ಕ್ಲಬ್‌ನಲ್ಲಿ ಅದೇ ಲೀಗ್ ಗೆದ್ದಿದ್ದರು. ಇಬ್ಬರೂ ಗೆದ್ದವರೇ. ಹಾಗಿದ್ದೂ 44 ದಿನದಲ್ಲಿ ಎಲ್ಲ ಮುಗಿದುಹೋಯಿತು. 1974ರ ಮಾತು ಇದು.

ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಅಲ್ಲಿನ ಫುಟ್‌ಬಾಲ್ ಇತಿಹಾಸ ಬಲ್ಲವರು ಗುರುತು ಹಿಡಿದೇ ಹಿಡಿಯುತ್ತಾರೆ, ಅದನ್ನು ತಡೆಯೋಕಾಗಲ್ಲ. ಆದರೆ ಹೆಸರು ಬಂದ ಕೂಡಲೇ ಆ ಮನುಷ್ಯರ ಮಾತಿನ ವರಸೆ, ಟಿವಿ ಸಂದರ್ಶನ, ಸುತ್ತ ಬೆಳೆದ ಕಥೆಗಳು ಎಲ್ಲ ಮುಂದೆ ಬಂದು ನಿಲ್ಲುತ್ತವೆ, ಯಾವ ನಿರ್ಧಾರ ಯಾವಾಗ ಕೈಕೊಟ್ಟಿತು ಅನ್ನೋದು ಮರೆಯಾಗುತ್ತದೆ. ನನಗೆ ಬೇಕಿರುವುದು ಆ ನಿರ್ಧಾರಗಳು. ಹಾಗಾಗಿ ಇಲ್ಲಿ ಒಬ್ಬರು ಹೊಸ ಮ್ಯಾನೇಜರ್, ಒಬ್ಬರು ಹಿಂದಿನ ಮ್ಯಾನೇಜರ್, ಒಬ್ಬರು ಜೊತೆಗಾರ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಆ ಕ್ಲಬ್ಬನ್ನು ಯಾರ್ಕ್‌ಷೈರ್ ಕ್ಲಬ್ ಅನ್ನೋಣ. ಹೋಲಿಕೆಗೆ ಬರುವ ಬೇರೆಯವರ ಹೆಸರನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಆ ಕಾಲದ ಇಂಗ್ಲಿಷ್ ಫುಟ್‌ಬಾಲ್ ಮ್ಯಾನೇಜರ್ ಅಂದರೆ ಬರೀ ಕೋಚ್ ಅಲ್ಲ. ತಂಡ ಆರಿಸುವುದು, ಆಟಗಾರರನ್ನು ಕೊಳ್ಳುವುದು, ಮಾರುವುದು, ಅಭ್ಯಾಸ ಹೇಗಿರಬೇಕು, ಪಂದ್ಯದ ಹಿಂದಿನ ರಾತ್ರಿ ಎಲ್ಲಿ ಉಳಿಯಬೇಕು, ಎಲ್ಲವೂ ಅವರದ್ದೇ. ಒಬ್ಬರೇ ಹತ್ತು-ಹದಿನೈದು ವರ್ಷ ಇದ್ದರೆ ಕ್ಲಬ್ಬಿನ ಗುಣವೇ ಅವರ ಗುಣದಂತಾಗುತ್ತದೆ.

ಯಾರ್ಕ್‌ಷೈರ್ ಕ್ಲಬ್‌ನಲ್ಲಿ ಹೀಗೇ ಆಗಿತ್ತು. ಹಿಂದಿನ ಮ್ಯಾನೇಜರ್ ಮೊದಲು ಅಲ್ಲೇ ಆಟಗಾರರಾಗಿದ್ದವರು. 1961ರಲ್ಲಿ ಜವಾಬ್ದಾರಿ ವಹಿಸಿಕೊಂಡಾಗ ತಂಡ ಲೀಗ್‌ನ ನಾಲ್ಕು ಹಂತಗಳಲ್ಲಿ ಮೇಲಿನಿಂದ ಎರಡನೆಯದಾದ ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿತ್ತು. 13 ವರ್ಷದಲ್ಲಿ ಎರಡು ಲೀಗ್, ಒಂದು ಎಫ್‌ಎ ಕಪ್, ಒಂದು ಲೀಗ್ ಕಪ್ (ಎರಡೂ ಸೋತವರು ಹೊರಬೀಳುವ ದೇಶದೊಳಗಿನ ಟೂರ್ನಿಗಳು), ಯುರೋಪಿನ ಎರಡು ಫೇರ್ಸ್ ಕಪ್ ಬಂದವು. 1973-74ರ ಸೀಸನ್‌ನಲ್ಲಂತೂ ಶುರುವಿನ 29 ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ, ಇಡೀ ಸೀಸನ್‌ನಲ್ಲಿ ಸೋತದ್ದು ನಾಲ್ಕೇ. ಹುಡುಗರಾಗಿ ಬಂದವರನ್ನು ಅವರೇ ಬೆಳೆಸಿದ್ದರು. ಎದುರಾಳಿ ತಂಡಗಳ ಬಗ್ಗೆ ವಿವರವಾದ ವರದಿ ಬರೆಸಿ ಆಟಗಾರರಿಗೆ ಕೊಡುತ್ತಿದ್ದರು. ಪಂದ್ಯಕ್ಕೆ ಮುಂಚೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಬಿಂಗೋ ಆಡಿಸುತ್ತಿದ್ದರು. ಹೊರಗಿನವರು ಈ ತಂಡವನ್ನು ಒರಟು ತಂಡ ಅನ್ನುತ್ತಿದ್ದರು, ರೆಫರಿ ಮೇಲೆ ಮುಗಿಬೀಳುವವರು ಅನ್ನುತ್ತಿದ್ದರು. ಅದರಲ್ಲಿ ಸತ್ಯ ಇಲ್ಲದೇ ಇರಲಿಲ್ಲ. ಆದರೆ ಒಳಗಿದ್ದವರಿಗೆ ಅದೊಂದು ಮನೆ.

ಹೊಸ ಮ್ಯಾನೇಜರ್ ಕಥೆಯೇ ಬೇರೆ. ಆಟಗಾರರಾಗಿದ್ದಾಗ ದೊಡ್ಡ ಗೋಲ್ ಬೇಟೆಗಾರ: 274 ಲೀಗ್ ಪಂದ್ಯಗಳಲ್ಲಿ 251 ಗೋಲು. 1962ರ ಕ್ರಿಸ್‌ಮಸ್ ಮರುದಿನದ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ, 27ನೇ ವಯಸ್ಸಿಗೇ ಆಟ ಬಹುತೇಕ ಮುಗಿಯಿತು. 30 ವರ್ಷಕ್ಕೆ ನಾಲ್ಕನೇ ಡಿವಿಷನ್ನಿನ ಬಡ ಕ್ಲಬ್ ಒಂದರ ಮ್ಯಾನೇಜರ್ ಆದರು. ಅಲ್ಲಿಂದ 1967ರಲ್ಲಿ ಮಿಡ್‌ಲ್ಯಾಂಡ್ಸ್‌ನ ಎರಡನೇ ಡಿವಿಷನ್ ಕ್ಲಬ್‌ಗೆ. ಅದನ್ನು ಮೇಲಕ್ಕೆ ತಂದು 1972ರಲ್ಲಿ ಲೀಗ್ ಗೆದ್ದರು, ಮರುವರ್ಷ ಯುರೋಪಿನ ಲೀಗ್ ವಿಜೇತ ಕ್ಲಬ್‌ಗಳ ಟೂರ್ನಿಯಾದ ಯುರೋಪಿಯನ್ ಕಪ್ ಸೆಮಿಫೈನಲ್‌ವರೆಗೆ ಕರೆದುಕೊಂಡು ಹೋದರು.

ಇಷ್ಟೂ ಕಡೆ ಅವರ ಪಕ್ಕದಲ್ಲಿ ಒಬ್ಬರಿದ್ದರು. ಅವರೇ ಜೊತೆಗಾರ, ಹಳೇ ಗೋಲ್‌ಕೀಪರ್. ಹೊಸ ಮ್ಯಾನೇಜರ್ ಇನ್ನೂ ಯಾರಿಗೂ ಗೊತ್ತಿಲ್ಲದ ಹುಡುಗನಾಗಿದ್ದಾಗ, ಇವನು ಗೋಲು ಹೊಡೆಯುತ್ತಾನೆ ಅಂತ ಮೊದಲು ಗುರುತಿಸಿದ್ದೇ ಅವರು. ಮ್ಯಾನೇಜರ್ ಆದ ಮೇಲೆ ಕೆಲಸ ಹಂಚಿಕೊಂಡಿದ್ದರು. ಯಾವ ಆಟಗಾರನನ್ನು ಕೊಳ್ಳಬೇಕು ಅಂತ ಕಣ್ಣಿಟ್ಟು ನೋಡುವುದು ಜೊತೆಗಾರ, ಆ ಆಟಗಾರನನ್ನು ಆಡಿಸುವುದು ಮ್ಯಾನೇಜರ್. ಮ್ಯಾನೇಜರ್ ಬೈದು ಹೊರಟ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಜೋಕ್ ಹೇಳಿ ಎಲ್ಲರನ್ನೂ ನಗಿಸುತ್ತಿದ್ದದ್ದೂ ಜೊತೆಗಾರನೇ. ಅಂಗಡಿಯ ಮುಂದಿನ ಗಾಜು ನಾನು, ಒಳಗಿನ ಸರಕು ಅವರು ಅಂತ ಮ್ಯಾನೇಜರ್ ತಾವೇ ಹೇಳಿಕೊಂಡಿದ್ದರು.

1973ರ ಅಕ್ಟೋಬರ್‌ನಲ್ಲಿ ಆಡಳಿತ ಮಂಡಳಿಯ ಜೊತೆ ಜಗಳವಾಗಿ ಇಬ್ಬರೂ ರಾಜೀನಾಮೆ ಕೊಟ್ಟರು, ಮಂಡಳಿ ಒಪ್ಪಿಕೊಂಡೂಬಿಟ್ಟಿತು. ಆಟಗಾರರು ಪ್ರತಿಭಟಿಸಿದರೂ ಪ್ರಯೋಜನವಾಗಲಿಲ್ಲ. ಇಬ್ಬರೂ ದಕ್ಷಿಣದ ಕರಾವಳಿಯ ಮೂರನೇ ಡಿವಿಷನ್ ಕ್ಲಬ್ ಒಂದಕ್ಕೆ ಹೋದರು. ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಎಫ್‌ಎ ಕಪ್‌ನಲ್ಲಿ ಲೀಗ್‌ನಲ್ಲೇ ಇಲ್ಲದ ಹವ್ಯಾಸಿ ತಂಡದ ಎದುರು ತವರಿನಲ್ಲಿ 4-0 ಸೋತರು, ಇನ್ನೊಂದು ಪಂದ್ಯದಲ್ಲಿ 8-2.

ಸಮಸ್ಯೆ

1974ರ ಬೇಸಿಗೆಯಲ್ಲಿ ಹಿಂದಿನ ಮ್ಯಾನೇಜರ್‌ಗೆ ಇಂಗ್ಲೆಂಡ್ ರಾಷ್ಟ್ರೀಯ ತಂಡದ ಹೊಣೆ ಬಂತು. ಹೋಗುವಾಗ ಒಂದು ಸಲಹೆ ಕೊಟ್ಟರು: ನನ್ನ ಜಾಗಕ್ಕೆ ತಂಡದ ಹಿರಿಯ ಮಿಡ್‌ಫೀಲ್ಡರ್‌ನನ್ನೇ ಮಾಡಿ. ಮಂಡಳಿ ಕೇಳಲಿಲ್ಲ. ಹೊರಗಿನಿಂದ ನಮ್ಮ ಹೊಸ ಮ್ಯಾನೇಜರನ್ನು ಕರೆತಂದಿತು.

ಇಲ್ಲೇ ಮೊದಲ ತಿರುವು. ಸಲಹೆ ತಳ್ಳಿಹಾಕುವುದು ಮಂಡಳಿಯ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಹೆಸರು ಕೇಳಿಬಂದಿದ್ದ ಆ ಆಟಗಾರ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ, ಅದೇ ಬೆಂಚಿನ ಮೇಲೆ ಕೂತಿದ್ದರು. ಅವರ ಜೊತೆ ಯಾರು ಏನು ಮಾತಾಡಬೇಕು, ಅವರನ್ನು ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಯಾವ ಏರ್ಪಾಡೂ ಕಾಣುವುದಿಲ್ಲ.

ಇನ್ನೂ ದೊಡ್ಡದು ಬೇರೆ ಇದೆ. ಹೊಸ ಮ್ಯಾನೇಜರ್ ಈ ಕ್ಲಬ್ಬನ್ನು ವರ್ಷಗಟ್ಟಲೆ ಬಹಿರಂಗವಾಗಿ ಬೈದವರು. ಇವರ ಆಟ ಕೊಳಕು, ಶಿಸ್ತಿಲ್ಲ ಅಂತ ಟಿವಿಯಲ್ಲಿ ಹೇಳಿದ್ದರು. ಒಂದೇ ವರ್ಷದ ಹಿಂದೆ, ಇವರನ್ನು ಎರಡನೇ ಡಿವಿಷನ್‌ಗೆ ಇಳಿಸಬೇಕಿತ್ತು ಅಂತ ಪತ್ರಿಕೆಯಲ್ಲಿ ಬರೆದಿದ್ದರು. ಈಗ ಅದೇ ಆಟಗಾರರ ಮುಂದೆ ನಿಂತು, ನನ್ನ ಮಾತು ಕೇಳಿ ಅನ್ನಬೇಕು.

ತಂಡಕ್ಕೂ ವಯಸ್ಸಾಗುತ್ತಿತ್ತು. ಮುಖ್ಯ ಆಟಗಾರರಲ್ಲಿ ಹಲವರು 30ರ ಅಕ್ಕಪಕ್ಕ. ಬದಲಾವಣೆ ಬೇಕಿತ್ತು ಅನ್ನೋದು ನಿಜ, ಇದನ್ನು ನಾನು ಒತ್ತಿ ಹೇಳುತ್ತೇನೆ. ಹೊಸ ಮ್ಯಾನೇಜರ್ ಸಮಸ್ಯೆಯನ್ನು ತಪ್ಪಾಗಿ ಓದಲಿಲ್ಲ. ಯುರೋಪಿಯನ್ ಕಪ್ ಗೆಲ್ಲಬೇಕಾದರೆ ಹೊಸ ಕಾಲು, ಹೊಸ ರಕ್ತ ಬೇಕು ಅಂತ ಅವರಿಗೆ ಗೊತ್ತಿತ್ತು. ಅದನ್ನು ಯಾರ ಮೂಲಕ, ಎಷ್ಟು ಬೇಗ ಮಾಡುವುದು ಅನ್ನೋದರಲ್ಲಿ ಎಡವಿದರು.

ಈ ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು, ಎಲ್ಲ ಶುರುವಾಗುವ ಮೊದಲೇ ನಡೆದ ಒಂದು ಸಂಗತಿ. ಜೊತೆಗಾರ ಬರಲಿಲ್ಲ. ಕರಾವಳಿ ಕ್ಲಬ್‌ನಲ್ಲೇ ಉಳಿದು ಅಲ್ಲಿ ತಾನೇ ಮ್ಯಾನೇಜರ್ ಆಗಲು ನಿರ್ಧರಿಸಿದರು. ಹೊಸ ಮ್ಯಾನೇಜರ್‌ಗೆ ಆಗ ಎರಡು ದಾರಿ ಇತ್ತು: ನೀನು ಬಾರದಿದ್ದರೆ ನಾನೂ ಹೋಗಲ್ಲ ಅನ್ನುವುದು, ಇಲ್ಲಾ ಒಬ್ಬರೇ ಹೋಗುವುದು. ಒಬ್ಬರೇ ಹೋದರು. ಹಳೇ ಕ್ಲಬ್‌ನ ಟ್ರೈನರ್ ಒಬ್ಬರು ಜೊತೆಗೆ ಬಂದರು, ಆದರೆ ಅವರು ಜೊತೆಗಾರನ ಜಾಗ ತುಂಬುವವರಲ್ಲ. ಸರಕಿಲ್ಲದ ಗಾಜು ಅಂತ ಅವರ ಮಾತಿನಲ್ಲೇ ಹೇಳಬಹುದು.

ಆ 44 ದಿನ

ಜುಲೈ ಕೊನೆಗೆ ಕೆಲಸ ಶುರುವಾಯಿತು. ಆಟಗಾರರ ಜೊತೆಗಿನ ಮೊದಮೊದಲ ಸಭೆಯಲ್ಲೇ ಅವರು ಹೇಳಿದರಂತೆ: ನೀವು ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಅವು ಯಾವುವೂ ನ್ಯಾಯವಾಗಿ ಗೆದ್ದದ್ದಲ್ಲ. ಆ ಕೋಣೆಯಲ್ಲಿದ್ದ ಹಲವರು ಆಮೇಲೆ ಇದನ್ನೇ ನೆನಪಿಸಿಕೊಂಡಿದ್ದಾರೆ. ಗಾಯಗಳಿಂದ ಬಳಲುತ್ತಿದ್ದ ವಿಂಗರ್ ಒಬ್ಬರಿಗೆ, ನೀನು ರೇಸ್ ಕುದುರೆಯಾಗಿದ್ದರೆ ಇಷ್ಟೊತ್ತಿಗೆ ಗುಂಡು ಹೊಡೆದಿರುತ್ತಿದ್ದರು ಅಂದರಂತೆ.

ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೇಳಿದವರು ಯಾರು? ಮೊಣಕಾಲಿನ ಒಂದೇ ಪೆಟ್ಟಿನಿಂದ ತನ್ನ ಆಟ ಕಳೆದುಕೊಂಡವರು. ಗಾಯಗೊಂಡ ಆಟಗಾರನ ಹೆದರಿಕೆ ಇಡೀ ಇಂಗ್ಲೆಂಡಿನಲ್ಲಿ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅವರಿಗೇ ಗೊತ್ತಿರಬೇಕಿತ್ತು, ಅಲ್ವಾ?

ಈ ಮಾತುಗಳಿಗೆ ಹಿಂದೆ ಒಂದು ಲೆಕ್ಕ ಇತ್ತು ಅಂತ ನನ್ನ ಊಹೆ. ಹಿಂದಿನ ಕ್ಲಬ್‌ಗಳಲ್ಲಿ ಅವರು ಬಂದ ಕೂಡಲೇ ಒಂದು ಏಟು ಕೊಟ್ಟು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಅದು ಕೆಲಸ ಮಾಡಿತ್ತು, ಯಾಕೆಂದರೆ ಅಲ್ಲಿನ ಆಟಗಾರರ ಹತ್ತಿರ ಕಳೆದುಕೊಳ್ಳಲು ಏನೂ ಇರಲಿಲ್ಲ. ನಾಲ್ಕನೇ ಡಿವಿಷನ್ ಆಟಗಾರನಿಗೆ ಬೈದರೆ ಅವನು ಎದ್ದು ಓಡುತ್ತಾನೆ. ಆಗಷ್ಟೇ ಲೀಗ್ ಗೆದ್ದು ಬಂದವನಿಗೆ, ನಿನ್ನ ಪದಕ ಸುಳ್ಳು ಅಂದರೆ ಅವನು ಬಾಗಿಲು ಹಾಕಿಕೊಳ್ಳುತ್ತಾನೆ. ಜೊತೆಗಾರ ಪಕ್ಕದಲ್ಲಿದ್ದಿದ್ದರೆ ಆ ಸಭೆ ಮುಗಿದ ಮೇಲೆ ಇಬ್ಬರು ಹಿರಿಯ ಆಟಗಾರರನ್ನು ಮೂಲೆಗೆ ಕರೆದು ಸಮಾಧಾನ ಮಾಡುತ್ತಿದ್ದರೇನೋ. ಮ್ಯಾನೇಜರ್‌ಗೂ, ಇವತ್ತು ಜಾಸ್ತಿ ಆಯ್ತು ಅಂತ ಮುಖಕ್ಕೇ ಹೇಳುತ್ತಿದ್ದರು. ಹಾಗೆ ಹೇಳುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಆಗಸ್ಟ್ 10ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಚಾರಿಟಿ ಶೀಲ್ಡ್ ಪಂದ್ಯ (ಹಿಂದಿನ ಸೀಸನ್‌ನ ಲೀಗ್ ವಿಜೇತರು ಮತ್ತು ಎಫ್‌ಎ ಕಪ್ ವಿಜೇತರ ನಡುವಿನದ್ದು), ಲಿವರ್‌ಪೂಲ್ ಎದುರು. ಯಾರ್ಕ್‌ಷೈರ್ ಕ್ಲಬ್‌ನ ನಾಯಕ ಮತ್ತು ಲಿವರ್‌ಪೂಲ್‌ನ ಸ್ಟಾರ್ ಫಾರ್ವರ್ಡ್ ಹೊಡೆದಾಡಿಕೊಂಡರು. ಇಬ್ಬರಿಗೂ ರೆಫರಿ ಹೊರದಾರಿ ತೋರಿಸಿದರು. ಇಬ್ಬರೂ ಅಂಗಿ ಕಳಚಿ ಬಿಸಾಡಿ ಹೊರಟರು, ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು. 1-1 ಆಗಿ ಪೆನಾಲ್ಟಿಯಲ್ಲಿ ಸೋಲು. ದೊಡ್ಡ ನಷ್ಟ ಆಮೇಲೆ ಬಂತು: ನಾಯಕನಿಗೆ ಸೆಪ್ಟೆಂಬರ್ ಕೊನೆಯವರೆಗೂ ಆಡದಂತೆ ನಿಷೇಧ. ಅಂದರೆ ಹೊಸ ಮ್ಯಾನೇಜರ್‌ಗೂ ಹಳೇ ಆಟಗಾರರಿಗೂ ನಡುವೆ ಸೇತುವೆಯಾಗಬಹುದಾಗಿದ್ದ ಒಬ್ಬನೇ ಮನುಷ್ಯ ಮೈದಾನದಿಂದಲೇ ಹೊರಗೆ.

ಆ ಖಾಲಿ ಜಾಗ ತುಂಬಲು ಮ್ಯಾನೇಜರ್ ತಮ್ಮ ಹಳೇ ಕ್ಲಬ್‌ನಿಂದ ಇಬ್ಬರನ್ನು ಕೊಂಡರು, ಬೇರೆ ಕಡೆಯಿಂದ ಒಬ್ಬ ಚುರುಕಿನ ಫಾರ್ವರ್ಡ್‌ನನ್ನೂ ತಂದರು. ನಂಬಿಕಸ್ಥರು ಬೇಕು ಅನಿಸಿದ್ದು ಸಹಜ. ಆದರೆ ಒಳಗಿದ್ದವರಿಗೆ ಅದು ಕಂಡದ್ದು ಹೀಗೆ: ಇವರು ತಮ್ಮ ಕಡೆಯವರನ್ನು ಒಬ್ಬೊಬ್ಬರಾಗಿ ತುಂಬುತ್ತಿದ್ದಾರೆ, ನಮ್ಮ ಸರದಿ ಯಾವಾಗ? ನಾಯಕನ ಜಾಗದಲ್ಲಿ ಆಡಿದ ಹೊಸ ಮಿಡ್‌ಫೀಲ್ಡರ್‌ನನ್ನು ತವರಿನ ಪ್ರೇಕ್ಷಕರೇ ಗೇಲಿ ಮಾಡಿದರು.

ಫಲಿತಾಂಶ ಬೇಗ ಹೇಳಿಬಿಡುತ್ತೇನೆ. ಮೊದಲ ಲೀಗ್ ಪಂದ್ಯ ಸ್ಟೋಕ್‌ನಲ್ಲಿ 3-0 ಸೋಲು. ಒಟ್ಟು ಆರು ಲೀಗ್ ಪಂದ್ಯ, ಒಂದು ಗೆಲುವು, ಎರಡು ಡ್ರಾ, ಮೂರು ಸೋಲು. ಗೆಲುವಿಗೆ 2 ಅಂಕ ಇದ್ದ ಆ ಕಾಲದಲ್ಲಿ ಸಿಕ್ಕಿದ್ದು 4 ಅಂಕ, 22 ತಂಡಗಳಲ್ಲಿ 19ನೇ ಸ್ಥಾನ. ಹಿಂದಿನ ಇಡೀ ಸೀಸನ್‌ನಲ್ಲಿ ನಾಲ್ಕು ಸೋತ ತಂಡ ಆರು ಪಂದ್ಯದಲ್ಲೇ ಮೂರು ಸೋತಿತ್ತು.

ಸೆಪ್ಟೆಂಬರ್‌ನಲ್ಲಿ ಮಂಡಳಿಯವರು ಆಟಗಾರರನ್ನು ಕೂರಿಸಿಕೊಂಡು ಅಭಿಪ್ರಾಯ ಕೇಳಿದರು. ಇದು ಕೊನೆಯ ತಿರುವು. ಮ್ಯಾನೇಜರ್ ಬಗ್ಗೆ ಆಟಗಾರರ ಹತ್ತಿರ ಕೇಳಲು ಶುರುಮಾಡಿದ ದಿನವೇ ಆ ಮ್ಯಾನೇಜರ್ ಅಧಿಕಾರ ಹೋಯಿತು ಅಂತ ಲೆಕ್ಕ, ಉತ್ತರ ಏನೇ ಬರಲಿ. ಸೆಪ್ಟೆಂಬರ್ 12ಕ್ಕೆ ಕೆಲಸದಿಂದ ತೆಗೆದರು, ದೊಡ್ಡ ಮೊತ್ತದ ಪರಿಹಾರ ಕೊಟ್ಟರು. ಅದೇ ಸಂಜೆ ಯಾರ್ಕ್‌ಷೈರ್ ಟಿವಿ ಸ್ಟುಡಿಯೋದಲ್ಲಿ ಹೊಸ ಮ್ಯಾನೇಜರ್ ಮತ್ತು ಹಿಂದಿನ ಮ್ಯಾನೇಜರ್ ಅಕ್ಕಪಕ್ಕ ಕೂತು ನೇರವಾಗಿ ವಾದ ಮಾಡಿದರು. ಲೀಗನ್ನು ಮತ್ತೆ ಗೆಲ್ಲಬೇಕಿತ್ತು, ಆದರೆ ಇನ್ನೂ ಚೆನ್ನಾಗಿ ಗೆಲ್ಲಬೇಕಿತ್ತು ಅಂದರು ಹೊಸಬರು. ಇನ್ನೂ ಚೆನ್ನಾಗಿ ಗೆಲ್ಲೋಕೆ ಹೇಗೆ ಸಾಧ್ಯ, ನಾವು ಸೋತದ್ದೇ ನಾಲ್ಕು ಅಂದರು ಹಳಬರು. ಹಾಗಾದರೆ ನಾನು ಮೂರೇ ಸೋಲಬಹುದಿತ್ತಲ್ಲ ಅನ್ನೋದು ಉತ್ತರ. ನನಗೆ ಆ ಉತ್ತರ ಇಷ್ಟ. ಅಷ್ಟು ದೊಡ್ಡ ಆಸೆ ಇಟ್ಟುಕೊಂಡವರೇ ಇಂಥ ಕೆಲಸಕ್ಕೆ ಬೇಕು. ಆದರೆ ಅದನ್ನು ಅವರು ಮೊದಲ ದಿನ ಆಟಗಾರರಿಗೆ ಹೇಳಬೇಕಿತ್ತು, ಪದಕ ಕಸಕ್ಕೆ ಹಾಕಿ ಅನ್ನುವ ಬದಲು.

ಆಮೇಲೆ

ಬೇರೆ ಮೂರು ಕ್ಲಬ್‌ಗಳಲ್ಲಿ ಏನಾಯಿತು ನೋಡಿದರೆ ಈ ಪ್ರಕರಣ ಇನ್ನಷ್ಟು ಸ್ಪಷ್ಟವಾಗುತ್ತದೆ.

ಅದೇ ಬೇಸಿಗೆಯಲ್ಲಿ ಲಿವರ್‌ಪೂಲ್‌ನಲ್ಲೂ ದೊಡ್ಡ ಮನುಷ್ಯರೊಬ್ಬರು ಹೋದರು. ಮ್ಯಾನೇಜರ್ ಬಿಲ್ ಶಾಂಕ್ಲಿ ಜುಲೈನಲ್ಲಿ ರಾಜೀನಾಮೆ ಕೊಟ್ಟಾಗ ಇಡೀ ಊರು ನಂಬಲಿಲ್ಲ. ಅಲ್ಲಿನ ಮಂಡಳಿ ಹೊರಗೆ ಹುಡುಕಲಿಲ್ಲ. 1939ರಿಂದ ಕ್ಲಬ್‌ನಲ್ಲೇ ಇದ್ದ ಬಾಬ್ ಪೈಸ್ಲಿಗೆ ಕೊಟ್ಟಿತು. ಪೈಸ್ಲಿಗೆ ಆ ಕೆಲಸ ಅಷ್ಟೇನೂ ಇಷ್ಟವಿರಲಿಲ್ಲ, ಮಾತೂ ಕಡಿಮೆ. ಮೊದಲ ಸೀಸನ್ ಲೀಗ್‌ನಲ್ಲಿ ಎರಡನೇ ಸ್ಥಾನ. ಒಟ್ಟು ಒಂಬತ್ತು ಸೀಸನ್‌ಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್. ಅವರೂ ತಂಡವನ್ನು ಬದಲಾಯಿಸಿದರು, ತುಂಬಾನೇ ಬದಲಾಯಿಸಿದರು. ಆದರೆ ಹಿಂದಿನವರು ಗಳಿಸಿದ್ದನ್ನು ಹಳಿಯಲಿಲ್ಲ.

1974-75ರ ಸೀಸನ್‌ನ ಲೀಗ್ ಗೆದ್ದವರು ಯಾರು ಗೊತ್ತಾ? ನಮ್ಮ ಹೊಸ ಮ್ಯಾನೇಜರ್ ಬಿಟ್ಟು ಬಂದಿದ್ದ ಮಿಡ್‌ಲ್ಯಾಂಡ್ಸ್ ಕ್ಲಬ್! ಅವರು ಕಟ್ಟಿದ ತಂಡದ ಹಲವರು ಅಲ್ಲಿ ಇನ್ನೂ ಇದ್ದರು. ಅಲ್ಲಿಗೆ ಬಂದ ಮ್ಯಾನೇಜರ್‌ಗೂ ಸಿಟ್ಟಾಗಿದ್ದ ಡ್ರೆಸ್ಸಿಂಗ್ ರೂಮೇ ಸಿಕ್ಕಿತ್ತು, ನಮಗೆ ಹಳಬರೇ ಬೇಕು ಅಂತ ಆಟಗಾರರು ಹಟ ಹಿಡಿದಿದ್ದರು. ಆದರೆ ಆತ ಅದೇ ಕ್ಲಬ್‌ನ ಮಾಜಿ ನಾಯಕ. ಆಟಗಾರರು ಸಿಟ್ಟಿನಲ್ಲಿದ್ದರೂ ಅವರನ್ನು ಹೊರಗಿನವರು ಅನ್ನೋಕಾಗಲಿಲ್ಲ.

ಯಾರ್ಕ್‌ಷೈರ್ ಕ್ಲಬ್‌ಗೆ ನಂತರ ಬಂದವರು ಮೆದು ಮಾತಿನ ಮಾಜಿ ಡಿಫೆಂಡರ್. ಗಾಯ ಮಾಯಲು ಬಿಟ್ಟರು. ಆಟಗಾರರನ್ನೇ ಸೇರಿಸಿ ಸಿಂಡ್ರೆಲಾ ನಾಟಕ ಮಾಡಿಸಿದರು, ಇದನ್ನು ನಂಬೋಕೆ ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಲೀಗ್‌ನಲ್ಲಿ 9ನೇ ಸ್ಥಾನಕ್ಕೆ ನಿಂತರೂ 1975ರ ಮೇನಲ್ಲಿ ಪ್ಯಾರಿಸ್‌ನಲ್ಲಿ ಯುರೋಪಿಯನ್ ಕಪ್ ಫೈನಲ್ ಆಡಿದರು, ಬಯರ್ನ್ ಮ್ಯೂನಿಕ್ ಎದುರು 2-0 ಸೋತರು. ಅಂದರೆ ಮುದಿ ತಂಡ ಅಂದುಕೊಂಡಿದ್ದಕ್ಕೆ ಇನ್ನೂ ಒಂದು ವರ್ಷದ ಶಕ್ತಿ ಉಳಿದಿತ್ತು. ಆ ಬಳಗ ಕರಗಿದ ಮೇಲೆ ಕ್ಲಬ್ ನಿಧಾನವಾಗಿ ಇಳಿಯುತ್ತಾ ಹೋಗಿ 1982ರಲ್ಲಿ ಎರಡನೇ ಡಿವಿಷನ್‌ಗೆ ಬಿತ್ತು. ಬದಲಾವಣೆ ಬೇಕು ಅಂದ ಹೊಸ ಮ್ಯಾನೇಜರ್ ಮಾತು ಸುಳ್ಳಾಗಿರಲಿಲ್ಲ.

ಇನ್ನು ಅವರ ಸ್ವಂತ ಕಥೆ. 1975ರ ಜನವರಿಯಲ್ಲಿ ಈಸ್ಟ್ ಮಿಡ್‌ಲ್ಯಾಂಡ್ಸ್‌ನ ಇನ್ನೊಂದು ಕ್ಲಬ್ ಕರೆಯಿತು. ಎರಡನೇ ಡಿವಿಷನ್, 13ನೇ ಸ್ಥಾನ. ಯಾರ್ಕ್‌ಷೈರ್‌ಗೆ ಕೊಂಡುತಂದಿದ್ದ ಆ ಇಬ್ಬರನ್ನೂ ಇಲ್ಲಿಗೂ ಕರೆಸಿಕೊಂಡರು. 1976ರಲ್ಲಿ ಜೊತೆಗಾರ ಬಂದು ಸೇರಿದರು. 1977ರಲ್ಲಿ ಮೇಲಿನ ಡಿವಿಷನ್, 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್. ಎರಡೂ ಸಲ ಕಪ್ ಎತ್ತಿದ ನಾಯಕ ಯಾರು ಅಂದರೆ, ಯಾರ್ಕ್‌ಷೈರ್ ಪ್ರೇಕ್ಷಕರು ಗೇಲಿ ಮಾಡಿದ್ದ ಅದೇ ಮಿಡ್‌ಫೀಲ್ಡರ್. ಆಟಗಾರನನ್ನು ಅಳೆಯುವುದರಲ್ಲಿ ಮ್ಯಾನೇಜರ್ ತಪ್ಪಿರಲಿಲ್ಲ. ಅವನನ್ನು ತಂದ ಹೊತ್ತು, ನಿಲ್ಲಿಸಿದ ಜಾಗ ಸರಿ ಇರಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಈ ಕ್ಲಬ್‌ನಲ್ಲಿ ಅವರು ಎಲ್ಲವನ್ನೂ ಒಡೆಯಲಿಲ್ಲ. ತಾವು ಬರುವ ಮುಂಚೆಯೇ ಅಲ್ಲಿದ್ದ, ಯಾರೂ ಲೆಕ್ಕಕ್ಕಿಡದ ಒಬ್ಬ ವಿಂಗರ್‌ನನ್ನು ಉಳಿಸಿಕೊಂಡರು. 1979ರ ಫೈನಲ್‌ನ ಗೋಲಿಗೆ ಚೆಂಡು ಕೊಟ್ಟಿದ್ದು ಅವನು, 1980ರ ಫೈನಲ್‌ನ ಗೋಲು ಹೊಡೆದದ್ದೂ ಅವನೇ.

ಕಲಿಯುವುದಕ್ಕೆ ಏನಿದೆ

ಹೊಸಬರು ಬಂದಾಗ ತಮ್ಮವರನ್ನು ತರಬೇಕೋ, ಇದ್ದವರನ್ನು ಇಟ್ಟುಕೊಳ್ಳಬೇಕೋ ಅನ್ನುವ ಪ್ರಶ್ನೆ ಇವತ್ತಿಗೂ ಹಳೆಯದಾಗಿಲ್ಲ. 2013ರಲ್ಲಿ ಅಲೆಕ್ಸ್ ಫರ್ಗ್ಯೂಸನ್ ಲೀಗ್ ಗೆದ್ದು ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟಾಗ ಡೇವಿಡ್ ಮೊಯ್ಸ್ ಬಂದರು. ಆರು ವರ್ಷದ ಒಪ್ಪಂದ. ಅವರು ಯಾರನ್ನೂ ಬೈಯಲಿಲ್ಲ, ಹಿಂದಿನವರನ್ನು ಗೌರವಿಸಿದರು. ಆದರೆ ಫರ್ಗ್ಯೂಸನ್ ಜೊತೆ ಕೆಲಸ ಮಾಡಿದ್ದ ಮುಖ್ಯ ಕೋಚ್‌ಗಳು ಹೋಗಿ ಮೊಯ್ಸ್ ಕಡೆಯವರು ಬಂದರು. ಮರುವರ್ಷದ ಏಪ್ರಿಲ್‌ನಲ್ಲಿ ಅವರನ್ನು ತೆಗೆದರು, ತಂಡ 7ನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಸ್ವಂತದವರು ಜೊತೆಗಿದ್ದೂ ಸೋತರು, ನಮ್ಮ ಮ್ಯಾನೇಜರ್ ಸ್ವಂತದವರು ಇಲ್ಲದೆ ಸೋತರು. ಹಾಗಾದರೆ ಜೊತೆಗಾರ ಇದ್ದರೆ ಸಾಕು ಅನ್ನೋಕಾಗಲ್ಲ. ಹಳೇ ಮನೆಯ ರೀತಿನೀತಿ ಬಲ್ಲವರು ಒಬ್ಬರು, ನಮಗೆ ಎದುರು ಹೇಳಬಲ್ಲವರು ಒಬ್ಬರು, ಇಬ್ಬರೂ ಬೇಕು ಅಂತ ನನಗೆ ಅನಿಸುತ್ತದೆ. 1974ರ ಆ ಕ್ಲಬ್‌ನಲ್ಲಿ ಮೊದಲನೆಯವರು ಬೆಂಚಿನ ಮೇಲೇ ಕೂತಿದ್ದರು, ಯಾರೂ ಮಾತಾಡಿಸಲಿಲ್ಲ. ಎರಡನೆಯವರು ಕರಾವಳಿಯಲ್ಲಿ ಉಳಿದುಬಿಟ್ಟಿದ್ದರು.

ಮಂಡಳಿಯ ಪಾಲೂ ಸಣ್ಣದಲ್ಲ. ತಮ್ಮ ತಂಡವನ್ನು ಪತ್ರಿಕೆಯಲ್ಲಿ ಬೈದವರನ್ನೇ ಆರಿಸುವುದಾದರೆ ಅದು ಧೈರ್ಯದ ಆಯ್ಕೆ, ಆ ಧೈರ್ಯ ಕನಿಷ್ಠ ಒಂದು ಸೀಸನ್ ಉಳಿಯಬೇಕಿತ್ತು. ಫರ್ಗ್ಯೂಸನ್ 1986ರಲ್ಲಿ ಯುನೈಟೆಡ್‌ಗೆ ಬಂದವರು, ಮೊದಲ ಟ್ರೋಫಿ ಬಂದದ್ದು 1990ರಲ್ಲಿ. ಆರು ಪಂದ್ಯದ ಲೆಕ್ಕದಲ್ಲಿ ಅವರನ್ನೂ ತೆಗೆಯಬಹುದಿತ್ತು.

ಜೊತೆಗಾರ ಇಲ್ಲದ್ದೇ ಎಲ್ಲಕ್ಕೂ ಕಾರಣ ಅಂತ ಹೇಳುವವರಿಗೆ ಒಂದು ವಿಷಯ ನೆನಪಿಸಬೇಕು. 1982ರಲ್ಲಿ ಜೊತೆಗಾರ ಬಿಟ್ಟುಹೋದರು, ಮರುವರ್ಷ ಒಬ್ಬ ಆಟಗಾರನ ವರ್ಗಾವಣೆ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟುಹೋಯಿತು, 1990ರಲ್ಲಿ ಜೊತೆಗಾರ ತೀರಿಕೊಳ್ಳುವವರೆಗೂ ರಾಜಿಯಾಗಲಿಲ್ಲ. ಜೊತೆಗಾರ ಬಿಟ್ಟುಹೋದ ಮೇಲೂ ಮ್ಯಾನೇಜರ್ ಒಬ್ಬರೇ ಅದೇ ಕ್ಲಬ್‌ನಲ್ಲಿ 1989 ಮತ್ತು 1990ರ ಲೀಗ್ ಕಪ್ ಗೆದ್ದರು. ಲೀಗ್ ಮಾತ್ರ ಮತ್ತೆ ಬರಲಿಲ್ಲ, ಯುರೋಪಿಯನ್ ಕಪ್ಪೂ ಬರಲಿಲ್ಲ. ಒಬ್ಬರೇ ಎಷ್ಟು ದೂರ ಹೋಗಬಲ್ಲವರಾಗಿದ್ದರು ಅನ್ನೋದಕ್ಕೆ ಆ ಎರಡು ಕಪ್‌ಗಳೇ ಅಳತೆ. ಆದರೆ ಅವು ಬಂದದ್ದು ತಾವೇ ಕಟ್ಟಿದ ಮನೆಯಲ್ಲಿ. 1974ರಲ್ಲಿ ಒಬ್ಬರೇ ಹೊಕ್ಕಿದ್ದು ಬೇರೆಯವರು 13 ವರ್ಷ ಬಾಳಿದ ಮನೆಗೆ.